ಇನ್ನೊಬ್ಬರ ನಾಯಿಯ ಹಗ್ಗ ಹಿಡಿದವರು

ಇನ್ನೊಬ್ಬರ ನಾಯಿಯನ್ನು ಸಂಬಳವಿಲ್ಲದೆ ವಾಕಿಂಗ್ ಕರೆದುಕೊಂಡು ಹೋಗುವುದು ಬ್ರಿಟನ್ನಿನಲ್ಲಿ ಬೇರುಬಿಟ್ಟ ಒಂದು ಸೇವೆ. ಇಂಗ್ಲೆಂಡಿನ ನಡುನಾಡಾದ ಮಿಡ್‌ಲ್ಯಾಂಡ್ಸ್‌ನ ವುಲ್ವರ್‌ಹ್ಯಾಂಪ್ಟನ್ ನಗರದಲ್ಲಿ ಬೆಳಗಿನ ಹೊತ್ತು ಕಾಲುವೆ ದಂಡೆಯ ಮೇಲೆ ನಾಯಿ ಹಿಡಿದು ಹೋಗುವವರೆಲ್ಲ ಆ ನಾಯಿಯ ಯಜಮಾನರೇ ಆಗಿರಬೇಕಿಲ್ಲ. ಒಬ್ಬರ ಕೈಯಲ್ಲಿರುವುದು ಮಂಡಿ ಸವೆದು ಮೆಟ್ಟಿಲಿಳಿಯಲಾರದ ಅಜ್ಜಿಯ ನಾಯಿ. ಇನ್ನೊಬ್ಬರ ಕೈಯಲ್ಲಿರುವುದು ಯಾರಾದರೂ ಮನೆಗೆ ಕರೆದೊಯ್ಯಲಿ ಎಂದು ಆಶ್ರಯಧಾಮದಲ್ಲಿ ಕಾಯುತ್ತಿರುವ ನಾಯಿ. ಈ ನಡಿಗೆಯಿಂದ ನಾಯಿಗೆ ಏನು ಸಿಕ್ಕಿತೆಂಬುದನ್ನು ಅದರ ಬಾಲವೇ ಹೇಳಿಬಿಡುತ್ತದೆ. ಹಗ್ಗ ಹಿಡಿದ ಮನುಷ್ಯರಿಗೆ ಸಿಗುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ಸೇವೆಗೆ ಎರಡು ದಾರಿಗಳಿವೆ. ಒಂದು, ನಾಯಿ ಇರುವ ಮನೆಗೇ ಹೋಗುವುದು. ಇದನ್ನು ದೇಶದುದ್ದಕ್ಕೂ ಸಂಘಟಿಸಿರುವುದು ಸಿನಮನ್ ಟ್ರಸ್ಟ್. ಏವ್ರಿಲ್ ಜಾರ್ವಿಸ್ ಎಂಬ ಮಹಿಳೆ 1985ರಲ್ಲಿ ಆರಂಭಿಸಿದ ಈ ಸಂಸ್ಥೆಯ ಕಚೇರಿ ದೂರದ ಕಾರ್ನ್‌ವಾಲ್‌ನ ಹೇಲ್ ಊರಿನಲ್ಲಿದ್ದರೂ ಅದರ 15,000ಕ್ಕೂ ಹೆಚ್ಚು ಸ್ವಯಂಸೇವಕರು ಬ್ರಿಟನ್ನಿನ ಎಲ್ಲ ಕಡೆ ಹರಡಿದ್ದಾರೆ. ವಯಸ್ಸಾದವರಾಗಲಿ ವಾಸಿಯಾಗದ ಕಾಯಿಲೆಯವರಾಗಲಿ, ಕೈಲಾಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ತಮ್ಮ ನಾಯಿ ಬೆಕ್ಕುಗಳನ್ನು ಬಿಟ್ಟುಕೊಡುವಂತಾಗಬಾರದು ಎಂಬುದು ಸಂಸ್ಥೆಯ ಉದ್ದೇಶ. ನಾಯಿಯನ್ನು ದಿನವೂ ಹೊರಗೆ ಕರೆದೊಯ್ಯುವುದು, ಯಜಮಾನರು ಆಸ್ಪತ್ರೆ ಸೇರಿದರೆ ಅಷ್ಟು ದಿನ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದು, ಪಶುವೈದ್ಯರಲ್ಲಿಗೆ ಒಯ್ಯುವುದು, ಇವೆಲ್ಲ ಸ್ವಯಂಸೇವಕರ ಪಾಲಿನ ಕೆಲಸ. ಒಂದೇ ನಾಯಿಗೆ ಹಲವರು ವಾರದ ದಿನಗಳನ್ನು ಹಂಚಿಕೊಳ್ಳುವುದುಂಟು. ಹೀಗಾಗಿ ನಾಯಿಗೆ ಸೋಮವಾರದವರು, ಬುಧವಾರದವರು, ಶನಿವಾರದವರು ಎಂದು ಬೇರೆಬೇರೆ ನೆಂಟರಿರುತ್ತಾರೆ.

ಎರಡನೆಯ ದಾರಿ ಆಶ್ರಯಧಾಮಗಳದ್ದು. ಬೀದಿಯಲ್ಲಿ ಸಿಕ್ಕ ನಾಯಿಯನ್ನು ಸ್ಥಳೀಯ ಆಡಳಿತ ಏಳು ದಿನ ಇಟ್ಟುಕೊಂಡು ಯಜಮಾನರಿಗಾಗಿ ಕಾಯಬೇಕೆಂದು 1990ರ ಪರಿಸರ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆ ವಾರ ಕಳೆದು ಯಾರೂ ಬಾರದಿದ್ದರೆ ನಾಯಿಗೆ ಹೊಸ ಮನೆ ಹುಡುಕುವ ಹೊಣೆ ಹೆಚ್ಚಾಗಿ ದತ್ತಿ ಸಂಸ್ಥೆಗಳ ಮೇಲೆ ಬೀಳುತ್ತದೆ. ಈ ಭಾಗದಲ್ಲಿ ಹಳೆಯದು 1892ರಲ್ಲಿ ಆರಂಭವಾದ ಬರ್ಮಿಂಗ್‌ಹ್ಯಾಂ ಡಾಗ್ಸ್ ಹೋಮ್. ಅದು ವುಲ್ವರ್‌ಹ್ಯಾಂಪ್ಟನ್ನಿನ ಬಳಿಯೂ ನಾಯಿಗೂಡುಗಳನ್ನು ನಡೆಸಿಕೊಂಡು ಬಂದಿದೆ. 1891ರಲ್ಲಿ ಹುಟ್ಟಿದ ಡಾಗ್ಸ್ ಟ್ರಸ್ಟ್‌ನ ಒಂದು ಕೇಂದ್ರ ನೆರೆಯ ಶ್ರಾಪ್‌ಶೈರ್‌ನ ರೋಡನ್‌ನಲ್ಲಿದೆ. ಗೂಡುಗಳಲ್ಲಿ ಸಂಬಳದ ಸಿಬ್ಬಂದಿ ತೊಳೆಯುವುದು, ಊಟ ಹಾಕುವುದು, ಔಷಧ ಕೊಡುವುದರಲ್ಲಿ ಮುಳುಗಿರುತ್ತಾರೆ. ಪ್ರತಿ ನಾಯಿಯನ್ನೂ ಅರ್ಧ ಗಂಟೆ ಹೊರಗೆ ತಿರುಗಾಡಿಸಲು ಬೇಕಾದಷ್ಟು ಕೈಗಳು ಯಾವತ್ತೂ ಇರುವುದಿಲ್ಲ. ಸ್ವಯಂಸೇವಕರು ತುಂಬುವುದು ಆ ಕೊರತೆಯನ್ನು.

ಈ ಸೀಮೆಯ ಗೂಡುಗಳಲ್ಲಿ ಅತಿ ಹೆಚ್ಚು ಕಾಣುವ ತಳಿಗಳಲ್ಲಿ ಒಂದು ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್. ಜನ ಇದನ್ನು ಪ್ರೀತಿಯಿಂದ ಸ್ಟಾಫಿ ಎನ್ನುತ್ತಾರೆ. ಇದು ಹೊರಗಿನಿಂದ ಬಂದ ನಾಯಿಯಲ್ಲ, ಈ ಮಣ್ಣಿನದೇ. ವುಲ್ವರ್‌ಹ್ಯಾಂಪ್ಟನ್ನಿನ ಅಂಚಿನಿಂದ ದಕ್ಷಿಣಕ್ಕೆ ಹಬ್ಬಿದ ಬ್ಲ್ಯಾಕ್ ಕಂಟ್ರಿ ಕಲ್ಲಿದ್ದಲು, ಕಬ್ಬಿಣ, ಸರಪಳಿ, ಬೀಗಗಳ ನಾಡು. ಗಣಿ ಮತ್ತು ಕುಲುಮೆಗಳ ಕೂಲಿಕಾರರು ಸಾಕಿದ ಗಟ್ಟಿ ಮೈಯ, ಅಗಲ ಬಾಯಿಯ ಈ ನಾಯಿಯನ್ನು ಒಂದು ಕಾಲದಲ್ಲಿ ಕಾಳಗಕ್ಕೆ ಬಿಡುತ್ತಿದ್ದರು. ಗೂಳಿಯ ಮೇಲೆ ನಾಯಿ ಬಿಡುವ ಆಟವನ್ನು ಬ್ರಿಟಿಷ್ ಸಂಸತ್ತು ನಿಷೇಧಿಸಿದ್ದು 1835ರಲ್ಲಿ. ಅದಾಗಿ ನೂರು ವರ್ಷಕ್ಕೆ, 1935ರಲ್ಲಿ, ಕ್ರ್ಯಾಡ್ಲಿ ಹೀತ್ ಊರಿನ ಓಲ್ಡ್ ಕ್ರಾಸ್ ಗನ್ಸ್ ಎಂಬ ಪಬ್ಬಿನಲ್ಲಿ ಸೇರಿದ ತಳಿಪ್ರಿಯರು ಸಂಘ ಕಟ್ಟಿದರು, ಅದೇ ವರ್ಷ ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ತಳಿಗೆ ಮನ್ನಣೆ ಕೊಟ್ಟಿತು. ನೋಡಲು ಒರಟಾದ ಈ ನಾಯಿ ಮನುಷ್ಯರ ಮಡಿಲಿಗೆ ಹಾತೊರೆಯುವಂಥದ್ದು. ಅದರ ಮುಖ ನೋಡಿ ಹೆದರಿ ಜನ ದಾಟಿಹೋಗುವುದರಿಂದಲೇ ಗೂಡಿನಲ್ಲಿ ಅದು ಹೆಚ್ಚು ದಿನ ಉಳಿಯುತ್ತದೆ. ನಾಲ್ಕು ವಾರ ಅದರ ಜೊತೆ ನಡೆದ ಸ್ವಯಂಸೇವಕರು ತಳಿಯ ಬಗ್ಗೆ ಕೇಳಿದ್ದ ಮಾತುಗಳನ್ನೆಲ್ಲ ತಾವೇ ತಿದ್ದಿಕೊಳ್ಳುತ್ತಾರೆ. ಇದೂ ಈ ಸೇವೆ ಕೊಡುವ ಒಂದು ಲಾಭವೇ.

ನಾಯಿ ನಡೆಸುವವರಿಗೆ ವುಲ್ವರ್‌ಹ್ಯಾಂಪ್ಟನ್ ಅನುಕೂಲವಾದ ಊರು. ಹೆಸರು ಕೇಳಿದವರಿಗೆ ಕಾರ್ಖಾನೆ ಮತ್ತು ವುಲ್ವ್ಸ್ ಫುಟ್ಬಾಲ್ ತಂಡ ನೆನಪಾಗಬಹುದು, ಆದರೆ ಅದೇ ಕೈಗಾರಿಕಾ ಯುಗವೇ ಊರಿಗೆ ಹಸಿರು ದಾರಿಗಳನ್ನೂ ಬಿಟ್ಟುಹೋಗಿದೆ. ಜೇಮ್ಸ್ ಬ್ರಿಂಡ್ಲಿ ರೂಪಿಸಿದ ಸ್ಟಾಫರ್ಡ್‌ಶೈರ್ ಮತ್ತು ವೂಸ್ಟರ್‌ಶೈರ್ ಕಾಲುವೆ 1772ರಲ್ಲಿ ಪೂರ್ಣಗೊಂಡಿತು. 46 ಮೈಲಿ ಉದ್ದದ ಈ ನೀರುದಾರಿ ನಗರದ ಪಶ್ಚಿಮಕ್ಕೆ ಆಲ್ಡರ್ಸ್ಲಿ, ಕಾಂಪ್ಟನ್ ಬಳಿ ಹರಿಯುತ್ತದೆ. ನಗರದ ನಡುವಿನಿಂದ ಬರುವ ಬರ್ಮಿಂಗ್‌ಹ್ಯಾಂ ಕಾಲುವೆ, ದೋಣಿಗಳನ್ನು ಏರಿಸಿ ಇಳಿಸುವ ನೀರಬಾಗಿಲುಗಳಾದ 21 ಲಾಕ್‌ಗಳನ್ನು ಮೆಟ್ಟಿಲಿನಂತೆ ಇಳಿದು ಆಲ್ಡರ್ಸ್ಲಿಯಲ್ಲಿ ಅದನ್ನು ಕೂಡುತ್ತದೆ. ದೋಣಿ ಎಳೆಯುವ ಕುದುರೆಗಳಿಗೆಂದು ಮಾಡಿದ ದಂಡೆಯ ದಾರಿ ಈಗ ಕಾಲ್ನಡಿಗೆಯವರದು. ಕಾರಿನ ಭಯವಿಲ್ಲ, ಏರಿಳಿತ ಕಡಿಮೆ, ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಹೊಸ ನಾಯಿಯನ್ನು ಮೊದಲ ಸಲ ಕರೆದೊಯ್ಯುವವರಿಗೆ ಇಷ್ಟು ಸಾಕು.

ಕಾಲುವೆಗೆ ಒತ್ತಿಕೊಂಡಂತೆ ಸ್ಮೆಸ್ಟೋ ಕಣಿವೆ ಇದೆ. ಗ್ರೇಟ್ ವೆಸ್ಟರ್ನ್ ರೈಲ್ವೆ 1925ರಲ್ಲಿ ಇಲ್ಲಿ ಪ್ರಯಾಣಿಕರ ರೈಲು ಓಡಿಸತೊಡಗಿತು. ಏಳೇ ವರ್ಷಕ್ಕೆ ಪ್ರಯಾಣಿಕರ ಸಂಚಾರ ನಿಂತಿತು, 1965ರಲ್ಲಿ ಹಳಿಯೇ ಮುಚ್ಚಿತು. ಹಳಿ ಕಿತ್ತ ದಾರಿಯಲ್ಲಿ ಮರಗಳು ಬೆಳೆದು ಕಮಾನು ಕಟ್ಟಿದವು. 1998ರಲ್ಲಿ ಕಣಿವೆಯನ್ನು ಸ್ಥಳೀಯ ನಿಸರ್ಗಧಾಮವೆಂದು ಘೋಷಿಸಲಾಯಿತು. ಟೆಟೆನ್‌ಹಾಲ್‌ನ ಹಳೆಯ ನಿಲ್ದಾಣದ ಕಟ್ಟಡ ಇನ್ನೂ ಇದೆ, ರೈಲು ಬಾರದ ಆ ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ನಾಯಿಗಳು ಹಾದುಹೋಗುತ್ತವೆ. ನಗರದ ಒಳಗೇ ನಡೆಯಬೇಕೆಂದವರಿಗೆ ವೆಸ್ಟ್ ಪಾರ್ಕ್ ಇದೆ. ಕುದುರೆ ಪಂದ್ಯದ ಬಯಲಾಗಿದ್ದ ಜಾಗ 1881ರ ಜೂನ್‌ನಲ್ಲಿ ಸಾರ್ವಜನಿಕ ಉದ್ಯಾನವಾಯಿತು. ಕೆರೆ, ವಾದ್ಯಮಂಟಪ, ಗಾಜಿನ ಹೂಮನೆ, ಸುತ್ತ ದೊಡ್ಡ ಮರಗಳಿರುವ ಆ ಉದ್ಯಾನ ಬೆಂಗಳೂರಿನ ಲಾಲ್‌ಬಾಗ್ ಕಂಡವರಿಗೆ ಪರಿಚಿತವೆನಿಸುತ್ತದೆ.

ನಡೆಯುವವರಿಗೆ ಮೊದಲು ಕಾಣುವ ಫಲ ಮೈಯದು. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ದೈಹಿಕ ಚಟುವಟಿಕೆ ಮಾಡಬೇಕೆಂದು ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು ಹೇಳುತ್ತಾರೆ. ಐದು ದಿನ ಅರ್ಧರ್ಧ ಗಂಟೆ ನಾಯಿಯೊಂದಿಗೆ ಚುರುಕಾಗಿ ನಡೆದರೆ ಲೆಕ್ಕ ಸರಿಹೋಯಿತು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಕ್ಯಾರಿ ವೆಸ್ಟ್‌ಗಾರ್ತ್ ಮತ್ತು ಸಂಗಡಿಗರು ವಾಯವ್ಯ ಇಂಗ್ಲೆಂಡಿನ ಒಂದು ಸಮುದಾಯದಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ 150 ನಿಮಿಷದ ಗುರಿ ಮುಟ್ಟುವ ಸಾಧ್ಯತೆ ನಾಯಿ ಇಲ್ಲದವರಿಗಿಂತ ನಾಯಿ ಸಾಕಿದವರಲ್ಲಿ ನಾಲ್ಕು ಪಟ್ಟು ಹೆಚ್ಚು ಎಂದು ಕಂಡುಬಂತು. ಆದರೆ ಅಲ್ಲಿ ಲೆಕ್ಕ ಹಾಕಿದ್ದು ಸ್ವಂತ ನಾಯಿಯವರನ್ನು. ನಡೆಯುವ ಅಭ್ಯಾಸವಿದ್ದವರೇ ನಾಯಿ ಸಾಕಿರಬಹುದಲ್ಲ ಎಂಬ ಪ್ರಶ್ನೆಯೂ ಉಳಿಯುತ್ತದೆ.

ಸ್ವಯಂಸೇವಕರಿಗೆ ಇನ್ನೂ ಹತ್ತಿರದ ಸಾಕ್ಷ್ಯ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ್ದು. ಅಲ್ಲಿ ರೆಬೆಕಾ ಜಾನ್ಸನ್ ಎಂಬ ಸಂಶೋಧಕಿ ವೃದ್ಧರ ವಸತಿಗೃಹಗಳ ನಿವಾಸಿಗಳನ್ನು ಆರಿಸಿಕೊಂಡು, ಕೆಲವರನ್ನು ವಾರಕ್ಕೆ ಐದು ದಿನ ಆಶ್ರಯಧಾಮದ ನಾಯಿಗಳ ಜೊತೆಗೂ ಇನ್ನು ಕೆಲವರನ್ನು ಸ್ನೇಹಿತರು ಅಥವಾ ಸಂಗಾತಿಯ ಜೊತೆಗೂ ನಡೆಯಲು ಕಳಿಸಿದರು. 12 ವಾರಗಳ ಬಳಿಕ ನಾಯಿಯೊಂದಿಗೆ ನಡೆದವರ ನಡಿಗೆಯ ವೇಗ ಶೇ. 28ರಷ್ಟು ಹೆಚ್ಚಿತ್ತು, ಮನುಷ್ಯರೊಂದಿಗೆ ನಡೆದವರದು ಶೇ. 4ರಷ್ಟು ಮಾತ್ರ. ಕಾರಣ ತಿಳಿದರೆ ನಮ್ಮ ಮನೆಗಳ ದೃಶ್ಯವೇ ಕಣ್ಣ ಮುಂದೆ ಬರುತ್ತದೆ. ಇಬ್ಬರು ಮನುಷ್ಯರು ಸೇರಿದರೆ ‘ಇವತ್ತು ಬಿಸಿಲು ಜಾಸ್ತಿ, ನಾಳೆ ಹೋಗೋಣ’ ಎಂದು ಒಬ್ಬರನ್ನೊಬ್ಬರು ತಡೆಯುತ್ತಾರೆ. ನಾಯಿ ಹಾಗೆ ಹೇಳುವುದಿಲ್ಲ. ಅದೇ ವಿಶ್ವವಿದ್ಯಾಲಯ ಸಾರ್ವಜನಿಕ ವಸತಿಗಳ ಬಡ ನಿವಾಸಿಗಳೊಡನೆ ನಡೆಸಿದ ಇನ್ನೊಂದು ಕಾರ್ಯಕ್ರಮದಲ್ಲಿ, ನಡಿಗೆ ಬಿಡದೆ ಮುಂದುವರಿಸಿದ್ದೇಕೆ ಎಂಬ ಪ್ರಶ್ನೆಗೆ ಜನ ತಮ್ಮ ತೂಕದ ಮಾತೆತ್ತಲಿಲ್ಲ. ನಾಯಿಗಳಿಗೆ ನಾವು ಬೇಕು ಎಂಬುದು ಅವರ ಉತ್ತರವಾಗಿತ್ತು.

ಇಡೀ ವಿಷಯದ ತಿರುಳು ಆ ಉತ್ತರದಲ್ಲಿದೆ. ತನ್ನ ಆರೋಗ್ಯಕ್ಕಾಗಿ ಎಂದು ಹೊರಟ ವಾಕಿಂಗ್ ಮೂರನೇ ವಾರಕ್ಕೆ ನಿಂತುಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ತನಗೆ ತಾನೇ ಕೊಟ್ಟ ಮಾತನ್ನು ಮುರಿಯುವುದು ಸುಲಭ, ಕೇಳುವವರಿರುವುದಿಲ್ಲ. ಬಾಗಿಲ ಬಳಿ ಕಿವಿ ನಿಗುರಿಸಿ ಕೂತ ಜೀವಕ್ಕೆ ಕೊಟ್ಟ ಮಾತು ಬೇರೆ ಬಗೆಯದು. ವುಲ್ವರ್‌ಹ್ಯಾಂಪ್ಟನ್ನಿನ ಡಿಸೆಂಬರ್‌ನಲ್ಲಿ ಎಂಟು ಗಂಟೆ ದಾಟಿದ ಮೇಲೆ ಬೆಳಕು ಹರಿದು, ನಾಲ್ಕರ ಹೊತ್ತಿಗೆ ಕತ್ತಲಾಗುತ್ತದೆ. ಹಗಲೆಲ್ಲ ಸೇರಿ ಎಂಟು ಗಂಟೆಯೂ ಇಲ್ಲ. ಜಿಟಿಜಿಟಿ ಮಳೆ, ಬೂದು ಆಕಾಶ. ಹೊಸದಾಗಿ ಬಂದ ಭಾರತೀಯರನ್ನು ಕುಗ್ಗಿಸುವುದು ಚಳಿಗಿಂತ ಹೆಚ್ಚಾಗಿ ಈ ಬೆಳಕಿನ ಬರ. ಅಂಥ ದಿನ ಮಧ್ಯಾಹ್ನ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿ ಕಳೆಯುವಂತೆ ಮಾಡುವ ಯಾವುದೇ ನೆಪವೂ ಬೆಲೆಯುಳ್ಳದ್ದು. ನಾಯಿಗಿಂತ ಗಟ್ಟಿಯಾದ ನೆಪ ಸಿಗುವುದು ಕಷ್ಟ.

ಎರಡನೆಯ ಫಲ ಜನರದ್ದು. ಇಂಗ್ಲಿಷರು ಅಪರಿಚಿತರೊಡನೆ ಮಾತಾಡುವುದಿಲ್ಲ ಎಂಬ ದೂರನ್ನು ವಲಸಿಗರು ಆಗಾಗ ಹೇಳುತ್ತಾರೆ. ನಾಯಿ ಜೊತೆಗಿದ್ದರೆ ಆ ದೂರು ಕರಗುತ್ತದೆ. ಇದನ್ನು ಅಳೆದು ನೋಡಿದವರು ಇದೇ ನಡುನಾಡಿನ ವಾರ್ವಿಕ್ ವಿಶ್ವವಿದ್ಯಾಲಯದ ಜೂನ್ ಮೆಕ್‌ನಿಕೋಲಸ್ ಮತ್ತು ಗ್ಲಿನ್ ಕಾಲಿಸ್. 2000ದಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಒಬ್ಬರೇ ಹೋಗುವಾಗ ಎಷ್ಟು ಜನ ಮಾತಾಡಿಸುತ್ತಾರೆ, ನಾಯಿಯೊಡನೆ ಹೋಗುವಾಗ ಎಷ್ಟು ಜನ ಎಂದು ಎಣಿಸಲಾಯಿತು. ನಾಯಿ ಇದ್ದಾಗ ಮಾತುಕತೆ ಬಹಳ ಹೆಚ್ಚಿತು. ನಾಯಿ ಹಿಡಿದವರು ಅಚ್ಚುಕಟ್ಟಾದ ಬಟ್ಟೆ ಹಾಕಿದ್ದರೂ ಹರಕಲು ಬಟ್ಟೆ ಹಾಕಿದ್ದರೂ ಈ ಹೆಚ್ಚಳ ಕಂಡುಬಂತು. ನಾಯಿಯ ಮೇಲೆ ಮೊದಲು ಕಣ್ಣು ಬೀಳುವುದರಿಂದ ಮನುಷ್ಯನ ಉಡುಪು, ಬಣ್ಣ, ಉಚ್ಚಾರ ಎರಡನೆಯದಾಗುತ್ತವೆ.

ಕಾಲುವೆ ದಂಡೆಯಲ್ಲಿ ಇದರ ಸ್ವರೂಪ ಬಲು ಸರಳ. ‘ಔ ಬಿನ್ ಯಾ?’ ಎಂದು ಬ್ಲ್ಯಾಕ್ ಕಂಟ್ರಿಯ ಹಿರಿಯರು ಕೇಳಿದರೆ ಹೇಗಿದ್ದೀರಿ ಎಂದರ್ಥ. ನಾಯಿ ಚೆಂದವಿದೆ ಎನ್ನಬೇಕಾದರೆ ‘ಬೊಸ್ಟಿನ್’ ಎನ್ನುತ್ತಾರೆ. ಪಠ್ಯಪುಸ್ತಕದ ಇಂಗ್ಲಿಷ್ ಕಲಿತು ಬಂದವರ ಕಿವಿಗೆ ಈ ಆಡುಮಾತು ಬೀಳುವುದು ಇಂಥ ಜಾಗಗಳಲ್ಲೇ. ವಾರಗಟ್ಟಲೆ ಎದುರಾಗುವವರಿಗೆ ಒಬ್ಬರಿಗೊಬ್ಬರ ನಾಯಿಯ ಹೆಸರು ಗೊತ್ತಿರುತ್ತದೆ, ಮನುಷ್ಯರ ಹೆಸರು ಗೊತ್ತಿರುವುದಿಲ್ಲ. ಬೆಲ್ಲಾಳ ಅಮ್ಮ, ಚಾರ್ಲಿಯ ತಾತ ಎಂದೇ ಗುರುತು. ಹೆಸರು ತಿಳಿಯದ ಈ ಪರಿಚಯಗಳು ಗಾಢ ಸ್ನೇಹವಾಗಬೇಕೆಂದೇನೂ ಇಲ್ಲ. ನಾಲ್ಕು ದಿನ ಕಾಣದಿದ್ದರೆ ‘ಎಲ್ಲಿದ್ದಿರಿ’ ಎಂದು ಕೇಳುವ ಒಬ್ಬರಿದ್ದರೆ ಪರವೂರು ಊರಾಗಲು ಶುರುವಾಗುತ್ತದೆ.

ಮನೆಗೆ ಹೋಗಿ ನಾಯಿಯನ್ನು ಕರೆದೊಯ್ಯುವ ಸೇವೆಯಲ್ಲಿ ಇದಕ್ಕಿಂತ ಆಳವಾದ ಒಂದು ನಂಟಿದೆ, ಅದು ನಾಯಿಯ ಯಜಮಾನರದ್ದು. ಬಾಗಿಲು ತೆರೆಯುವವರು ಒಂಟಿಯಾಗಿ ಬದುಕುತ್ತಿರುವ ಎಂಬತ್ತು ದಾಟಿದ ಹಿರಿಯರು. ಮಕ್ಕಳು ಬೇರೆ ಊರಿನಲ್ಲಿರಬಹುದು, ಸಂಗಾತಿ ಎಂದೋ ತೀರಿಕೊಂಡಿರಬಹುದು. ನಾಯಿಯನ್ನು ಒಪ್ಪಿಸುವಾಗ ಎರಡು ನಿಮಿಷ, ಮರಳಿ ಒಪ್ಪಿಸುವಾಗ ಹತ್ತು ನಿಮಿಷ ಮಾತು ನಡೆಯುತ್ತದೆ. ಎಲ್ಲಿಯವರೆಗೆ ಹೋಗಿತ್ತು, ಬಾತುಕೋಳಿಯನ್ನು ಅಟ್ಟಿತೇ, ಕಾಂಪ್ಟನ್ ಲಾಕ್ ಬಳಿ ನೀರಿಳಿದಿದೆಯೇ ಎಂದು ಅವರು ವಿಚಾರಿಸುತ್ತಾರೆ. ಆ ದಾರಿಯನ್ನು ಅವರು ನಲವತ್ತು ವರ್ಷ ನಡೆದವರು, ಈಗ ಕಿಟಕಿಯಿಂದಾಚೆ ಹೋಗಲಾರರು. ನಾಯಿಯ ಒದ್ದೆ ಕಾಲಿನ ಜೊತೆಗೆ ಹೊರಗಿನ ಸುದ್ದಿಯೂ ಅವರ ಕೋಣೆಗೆ ಬರುತ್ತದೆ. ಹೊರಗಿನಿಂದ ಬಂದವರಿಗೆ ಊರಿನ ಚರಿತ್ರೆ ಸಿಗುವುದೂ ಇಲ್ಲೇ. ಮುಚ್ಚಿದ ಕಾರ್ಖಾನೆಯಲ್ಲಿ ಯಾವ ಬೀಗ ತಯಾರಾಗುತ್ತಿತ್ತು, ಹಳೆಯ ರೈಲು ಯಾವ ಹೊತ್ತಿಗೆ ಸೀಟಿ ಹಾಕುತ್ತಿತ್ತು ಎಂಬುದನ್ನು ಹೇಳಲು ಅವರು ಯಾರನ್ನೋ ಕಾಯುತ್ತಿರುತ್ತಾರೆ. ಒಂಟಿತನ ಎಷ್ಟು ದೊಡ್ಡ ಸಮಸ್ಯೆಯಾಯಿತೆಂದರೆ 2018ರಲ್ಲಿ ಬ್ರಿಟಿಷ್ ಸರ್ಕಾರ ಅದಕ್ಕೆಂದೇ ಒಬ್ಬ ಸಚಿವರಿಗೆ ಹೊಣೆ ವಹಿಸಿತು. ನಾಯಿಯ ನೆಪದಲ್ಲಿ ವಾರಕ್ಕೆರಡು ಸಲ ತಟ್ಟುವ ಬಾಗಿಲು ಅದೇ ಸಮಸ್ಯೆಗೆ ಊರಿನವರೇ ಕಂಡುಕೊಂಡ ಪರಿಹಾರ.

ಮೂರನೆಯದು ನಾಯಿಯನ್ನು ಓದುವ ಕಲೆ. ಬಾಲ ಆಡಿಸಿದರೆ ಸಂತೋಷ, ಬೊಗಳಿದರೆ ಕೋಪ ಎಂಬಷ್ಟು ಸಾಮಾನ್ಯ ಜ್ಞಾನದಿಂದ ಹೊರಟವರು ಕೆಲವೇ ತಿಂಗಳಲ್ಲಿ ಬಹಳ ದೂರ ಬರುತ್ತಾರೆ. ನಿದ್ದೆಯಿಲ್ಲದೆ ಆಕಳಿಸುವ, ತಿನ್ನಲು ಏನೂ ಇಲ್ಲದೆ ತುಟಿ ನೆಕ್ಕುವ, ಮುಖ ತಿರುಗಿಸಿ ನೆಲ ಮೂಸುವ ನಾಯಿ ತನಗೆ ಕಸಿವಿಸಿಯಾಗಿದೆ ಎನ್ನುತ್ತಿದೆ. ಬಾಲ ಬಿಗಿಯಾಗಿ ಎತ್ತರದಲ್ಲಿ ಅಲ್ಲಾಡುತ್ತಿದ್ದರೆ ಅದು ಸ್ನೇಹವೆಂದು ನಂಬಬಾರದು. ಮೂಸುತ್ತ ನಿಂತ ನಾಯಿಯನ್ನು ಜಗ್ಗಿ ಎಳೆದೊಯ್ಯಬಾರದು ಎಂಬುದು ಹೊಸಬರು ಮೊದಲು ಕಲಿಯಬೇಕಾದ ಪಾಠ. ನಾವು ಕಣ್ಣಿನಿಂದ ಊರು ನೋಡುವಂತೆ ಅದು ಮೂಗಿನಿಂದ ನೋಡುತ್ತದೆ, ಕಂಬದ ಬುಡದಲ್ಲಿ ಅದು ಬೆಳಗಿನ ಪತ್ರಿಕೆ ಓದುತ್ತಿರುತ್ತದೆ. ಶಾರ್ಲಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂಗಿಗೆ ಕೆಲಸ ಕೊಡುವ ಆಟ ಆಡಿದ ನಾಯಿಗಳು ಆಮೇಲೆ ಹೆಚ್ಚು ಆಶಾವಾದಿಗಳಂತೆ ನಡೆದುಕೊಂಡವು. ನಿಂತು ಕಾಯಲು ಕಲಿತ ಮನುಷ್ಯನಿಗೂ ಕಣ್ಣು ತೆರೆಯುತ್ತದೆ. ನೀರಿನ ಮೇಲೆ ನೀಲಿ ಗೆರೆ ಎಳೆದಂತೆ ಹಾರುವ ಮಿಂಚುಳ್ಳಿ, ಲಾಕ್ ಬಾಗಿಲಿನ ಮೇಲೆ ಕದಲದೆ ನಿಂತ ಬೂದು ಬಕ, ಏಪ್ರಿಲ್ ಕೊನೆಗೆ ಮರಗಳಡಿ ಹರಡುವ ನೀಲಿ ಹೂ, ಆಗಸ್ಟ್‌ನಲ್ಲಿ ಬೇಲಿ ತುಂಬ ಕಪ್ಪಾಗುವ ಬ್ಲ್ಯಾಕ್‌ಬೆರಿ ಕಾಣುವುದು ನಿಂತವರಿಗೇ.

ನಾಯಿ ಮತ್ತು ಮನುಷ್ಯರ ನಡುವಿನ ಹಿತದ ಭಾವಕ್ಕೆ ಶರೀರಶಾಸ್ತ್ರದ ವಿವರಣೆಯೂ ಇದೆ. ಜಪಾನಿನ ಅಜಾಬು ವಿಶ್ವವಿದ್ಯಾಲಯದ ಮಿಹೋ ನಗಸಾವ ಮತ್ತು ಸಂಗಡಿಗರು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದಂತೆ, ನಾಯಿ ಮತ್ತು ಯಜಮಾನ ಪರಸ್ಪರ ಹೆಚ್ಚು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರುತ್ತದೆ. ತಾಯಿ ಮಗುವಿನ ನಂಟನ್ನು ಗಟ್ಟಿಮಾಡುವ ಹಾರ್ಮೋನು ಇದೇ. ವಾರಕ್ಕೊಮ್ಮೆ ಬರುವ ಸ್ವಯಂಸೇವಕರಿಗೆ ಇದು ಹಾಗೆಯೇ ಅನ್ವಯಿಸುತ್ತದೆ ಎಂದು ಹೇಳಲಾಗದು. ಆ ಅಧ್ಯಯನ ಒಂದೇ ಸೂರಿನಡಿ ಬದುಕುವವರದ್ದು. ಹಾಗಿದ್ದರೂ ಆರನೇ ವಾರ ಗೂಡಿನ ಬಾಗಿಲಿಗೆ ಬಂದಾಗ ನಾಯಿ ಹೆಜ್ಜೆಯ ಸದ್ದನ್ನೇ ಗುರುತಿಸಿ ಎದ್ದು ನಿಂತರೆ ಆ ಸಂತೋಷಕ್ಕೆ ಪ್ರಯೋಗಶಾಲೆಯ ಸಾಕ್ಷಿ ಬೇಕಾಗುವುದಿಲ್ಲ.

ಮಿಡ್‌ಲ್ಯಾಂಡ್ಸ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಸೇವೆ ಒಂದು ಬಗೆಯಲ್ಲಿ ಹೇಳಿ ಮಾಡಿಸಿದಂತಿದೆ. ಪಾಳಿಯ ಮೇಲೆ ಆಸ್ಪತ್ರೆಯಲ್ಲಿ ದುಡಿಯುವ ವೈದ್ಯರು ಮತ್ತು ನರ್ಸ್‌ಗಳಿಗೆ, ಬಾಡಿಗೆ ಮನೆಯಲ್ಲಿರುವ ಎಂಜಿನಿಯರುಗಳಿಗೆ, ವರ್ಷಕ್ಕೊಮ್ಮೆ ಊರಿಗೆ ಹೋಗಿ ಒಂದು ತಿಂಗಳು ಇರುವವರಿಗೆ ಸ್ವಂತ ನಾಯಿ ಸಾಕುವುದು ಕಷ್ಟ. ಮನೆಯೊಳಗೆ ನಾಯಿ ಬರುವುದನ್ನು ಒಪ್ಪದ ಹಿರಿಯರೂ ಇರುತ್ತಾರೆ. ಇನ್ನೊಬ್ಬರ ನಾಯಿಯನ್ನು ನಡೆಸುವುದಕ್ಕೆ ಈ ಅಡ್ಡಿಗಳಿಲ್ಲ. ಆರು ತಿಂಗಳ ವೀಸಾದ ಮೇಲೆ ಮಗ ಮಗಳ ಮನೆಗೆ ಬರುವ ತಂದೆತಾಯಿಯರೂ ನೋಂದಾಯಿತ ದತ್ತಿ ಸಂಸ್ಥೆಗಾಗಿ ಒಟ್ಟು 30 ದಿನದವರೆಗೆ ಸ್ವಯಂಸೇವೆ ಮಾಡಲು ಬ್ರಿಟನ್ನಿನ ವಲಸೆ ನಿಯಮ ಅವಕಾಶ ಕೊಡುತ್ತದೆ. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಟಿ.ವಿ. ಮುಂದೆ ಕೂತು ದಿನ ಎಣಿಸುವವರು ಅವರು. ಮಗನ ಜೊತೆ ಶನಿವಾರ ಗೂಡಿಗೆ ಹೋಗಿಬಂದರೂ ವಾರಕ್ಕೊಂದು ಕಾಯುವ ದಿನ ಸಿಗುತ್ತದೆ.

ಭಯದ ಮಾತನ್ನೂ ಇಲ್ಲಿ ಹೇಳಬೇಕು. ಕರ್ನಾಟಕದಲ್ಲಿ ಬೆಳೆದ ಎಷ್ಟೋ ಮಂದಿಗೆ ನಾಯಿ ಎಂದರೆ ರಾತ್ರಿ ಬೈಕಿನ ಹಿಂದೆ ಓಡಿಬರುವ ಬೀದಿ ನಾಯಿ, ಕಚ್ಚಿದರೆ ರೇಬೀಸ್ ಚುಚ್ಚುಮದ್ದು. ಆ ಭಯ ಸಕಾರಣವಾದದ್ದು. ಆದರೆ ಬ್ರಿಟನ್ನಿನ ನಾಯಿಗಳಲ್ಲಿ ರೇಬೀಸ್ ನೂರು ವರ್ಷದ ಹಿಂದೆಯೇ ನೆಲೆ ಕಳೆದುಕೊಂಡಿದೆ. ಅಲ್ಲಿ ಹುಟ್ಟಿದ ಮಕ್ಕಳು ಉದ್ಯಾನದಲ್ಲಿ ನಾಯಿ ಕಂಡು ಅಮ್ಮನ ಬೆನ್ನ ಹಿಂದೆ ಅಡಗುವುದು ಅಮ್ಮನ ಬಾಲ್ಯದ ಭಯದಿಂದ. ಅನುಭವಿ ಸಿಬ್ಬಂದಿಯ ಜೊತೆ, ಶಾಂತ ಸ್ವಭಾವದ ಮುದಿ ನಾಯಿಯೊಂದರ ಪಕ್ಕದಲ್ಲಿ ಹತ್ತು ಹೆಜ್ಜೆ ನಡೆಯುವುದರಿಂದ ಶುರುಮಾಡಿ ಆ ಭಯ ದಾಟಿದವರಿಗೆ ಇಡೀ ಊರೇ ಸಲೀಸಾಗುತ್ತದೆ.

ನಾಯಿಯನ್ನು ಗೌರವದಿಂದ ಕಾಣುವುದು ಕನ್ನಡಿಗರು ಪರದೇಶದಲ್ಲಿ ಹೊಸದಾಗಿ ಕಲಿಯಬೇಕಾದ ಸಂಗತಿಯೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೇ ಶತಮಾನದ ವೀರಗಲ್ಲು ಕಾಳಿ ಎಂಬ ನಾಯಿಯ ನೆನಪಿಗೆ ನಿಂತದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿ ಪಡೆದದ್ದು ಆ ಬೇಟೆನಾಯಿಯನ್ನು. ಕಾಡುಹಂದಿಯ ಮೇಲೆ ಬಿದ್ದ ಕಾಳಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಡು ಮಾಡಲಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಂದಿನ ಬೆಂಗಳೂರಿನಲ್ಲೂ 1991ರಲ್ಲಿ ಆರಂಭವಾದ ಕ್ಯೂಪಾದಂಥ ಸಂಸ್ಥೆಗಳು ಗಾಯಗೊಂಡ, ಕೈಬಿಟ್ಟ ನಾಯಿಗಳನ್ನು ನೋಡಿಕೊಳ್ಳುತ್ತಿವೆ, ಅಲ್ಲಿಯೂ ಸ್ವಯಂಸೇವಕರ ಕೈ ಬೇಕಾಗುತ್ತದೆ.

ಫಲ ಇರುವ ಕಡೆ ಹೊಣೆಯೂ ಇರುತ್ತದೆ. ಸಂಸ್ಥೆಗಳು ಅರ್ಜಿ ತೆಗೆದುಕೊಂಡು, ಗುರುತು ಪರಿಶೀಲಿಸಿ, ಪರಿಚಿತರನ್ನು ವಿಚಾರಿಸಿದ ಮೇಲೆಯೇ ನಾಯಿಯನ್ನು ಒಪ್ಪಿಸುತ್ತವೆ. ಒಂಟಿ ಹಿರಿಯರ ಮನೆಬಾಗಿಲಿಗೆ ಕಳಿಸುವಾಗ ಈ ಎಚ್ಚರ ಇರಲೇಬೇಕು. ಹಗ್ಗ ಬಿಡದೆ ನಡೆಸಬೇಕೆಂಬುದು ಸಾಮಾನ್ಯ ನಿಯಮ. ಪರರ ನಾಯಿ ಕರೆದಾಗ ಬರುತ್ತದೆಂಬ ಭರವಸೆ ಇಲ್ಲ. ನಾಯಿ ಯಾರ ಮೇಲಾದರೂ ಎರಗಿದರೆ 1991ರ ಅಪಾಯಕಾರಿ ನಾಯಿಗಳ ಕಾಯ್ದೆಯಡಿ ಆ ಹೊತ್ತಿನಲ್ಲಿ ಹಗ್ಗ ಹಿಡಿದವರೂ ಉತ್ತರ ಕೊಡಬೇಕಾಗುತ್ತದೆ. ನಾಯಿಯ ಕೊರಳಪಟ್ಟಿಯಲ್ಲಿ ಯಜಮಾನರ ಹೆಸರು ವಿಳಾಸ ಇರಬೇಕು, 2016ರಿಂದ ಮೈಕ್ರೋಚಿಪ್ ಕೂಡ ಕಡ್ಡಾಯ. ಹೇಲನ್ನು ಚೀಲದಲ್ಲಿ ತೆಗೆದು ಡಬ್ಬಿಗೆ ಹಾಕದಿದ್ದರೆ ದಂಡ ಬೀಳುತ್ತದೆ. ಮೊದಲ ದಿನ ಮುಖ ತಿರುಗಿಸುವವರು ಮೂರನೇ ದಿನ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮೈಗೆ ಆಗುವ ಅಪಾಯವನ್ನೂ ಹಗುರವಾಗಿ ಕಾಣಬಾರದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2001ರಿಂದ 2020ರವರೆಗೆ ಆ ದೇಶದಲ್ಲಿ 4,20,000ಕ್ಕೂ ಹೆಚ್ಚು ವಯಸ್ಕರು ಹಗ್ಗ ಕಟ್ಟಿದ ನಾಯಿಯನ್ನು ನಡೆಸುವಾಗ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದಿದ್ದರು. ಬೆರಳಿನ ಮೂಳೆ ಮುರಿತ, ತಲೆಯ ಪೆಟ್ಟು, ಭುಜದ ಉಳುಕು ಹೆಚ್ಚು ಕಂಡ ಗಾಯಗಳು. ಹಗ್ಗವನ್ನು ಬೆರಳಿಗೆ ಸುತ್ತಿಕೊಳ್ಳಬಾರದು, ಒದ್ದೆ ಎಲೆ ಬಿದ್ದ ದಂಡೆಯಲ್ಲಿ ಹಿಡಿತವಿರುವ ಬೂಟು ಹಾಕಬೇಕು, ತಮ್ಮ ತೂಕ ಮತ್ತು ವಯಸ್ಸಿಗೆ ಹೊಂದುವ ನಾಯಿಯನ್ನೇ ಕೇಳಿ ಪಡೆಯಬೇಕು. ಎಪ್ಪತ್ತರ ಹಿರಿಯರು ಒಂದು ವರ್ಷದ ಲ್ಯಾಬ್ರಡಾರ್‌ಗೆ ಒಪ್ಪಿಕೊಳ್ಳುವುದು ತರವಲ್ಲ. ಮುದಿ ನಾಯಿಗಳೂ ನಡೆಯಬೇಕು, ಅವಕ್ಕೆ ನಿಧಾನದ ಜೊತೆಗಾರರೇ ಬೇಕು.

ಎಲ್ಲಕ್ಕಿಂತ ಕಷ್ಟದ್ದು ಬೀಳ್ಕೊಡುವುದು. ಗೂಡಿನ ನಾಯಿಗೆ ಮನೆ ಸಿಕ್ಕಿತೆಂದರೆ ಸ್ವಯಂಸೇವಕರ ಕೆಲಸ ಗೆದ್ದಂತೆ. ಆದರೆ ಮುಂದಿನ ಶನಿವಾರ ಆ ಗೂಡಿನ ಮುಂದೆ ನಿಂತಾಗ ಗಂಟಲು ಕಟ್ಟುತ್ತದೆ, ನಾಯಿ ಎಲ್ಲಿಗೆ ಹೋಯಿತೆಂಬುದೂ ಅವರಿಗೆ ತಿಳಿಯದೆ ಇರಬಹುದು. ಮನೆಗೆ ಹೋಗುವ ಸೇವೆಯಲ್ಲಿ ಅಗಲಿಕೆ ಇನ್ನೂ ನೇರವಾದದ್ದು. ಒಂದು ದಿನ ಬಾಗಿಲು ತೆರೆಯುವವರೇ ಇರುವುದಿಲ್ಲ. ಅಂಥ ದಿನಕ್ಕೆಂದೇ ಸಿನಮನ್ ಟ್ರಸ್ಟ್ ಯಜಮಾನರೊಡನೆ ಮೊದಲೇ ಮಾತಾಡಿಟ್ಟಿರುತ್ತದೆ. ಅವರು ತೀರಿಕೊಂಡರೆ ಅಥವಾ ಸಾಕುಪ್ರಾಣಿಗೆ ಅವಕಾಶವಿಲ್ಲದ ವೃದ್ಧಾಲಯ ಸೇರಿದರೆ ನಾಯಿಯನ್ನು ಕೊನೆಯವರೆಗೆ ನೋಡಿಕೊಳ್ಳುವ ಹೊಣೆಯನ್ನು ಸಂಸ್ಥೆ ಹೊರುತ್ತದೆ. ಬೇರೆ ಮನೆ ಸೇರುವ ನಾಯಿಗೆ ತನ್ನ ಹಾಸಿಗೆ, ತನ್ನ ಬಟ್ಟಲಿನ ಜೊತೆಗೆ ಗೊತ್ತಿರುವ ಒಂದು ಮುಖವೂ ಕಂಡರೆ ದಾರಿ ಹಗುರವಾಗುತ್ತದೆ. ಬುಧವಾರದವರು, ಶನಿವಾರದವರು ಆ ದಿನಗಳಲ್ಲಿ ಮುಖ್ಯರಾಗುವುದು ಇದಕ್ಕೇ.

ಹೀಗೆ ಅಗಲಿದ ಮೇಲೆ ಕೆಲವರು ಒಂದೆರಡು ತಿಂಗಳು ಬಿಡುವು ತೆಗೆದುಕೊಳ್ಳುತ್ತಾರೆ, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಮತ್ತೆ ಫೋನ್ ಮಾಡಿದಾಗ ಆ ಕಡೆಯವರು ಇನ್ನೊಂದು ನಾಯಿಯ ಹೆಸರು, ವಯಸ್ಸು, ಅದು ಬೆಕ್ಕು ಕಂಡರೆ ಏನು ಮಾಡುತ್ತದೆ, ಯಾವ ಬೀದಿಯಲ್ಲಿದೆ, ವಾರದ ಯಾವ ದಿನ ಖಾಲಿ ಇದೆ ಎಂಬುದನ್ನು ಹೇಳುತ್ತಾರೆ.